ಕೋಡು ಆರಿರಲಿ ತಮ್ಮಾ, ಮೇವೇನು?

ತಮ್ಮಾ, ನೀನು ಕೊಟ್ಟ ಕಥೆಯ ವಹಿ ಪೂರ್ತಿ ಓದಿದೆ. ಏಳು ರಾಜ್ಯ, ಎರಡು ಚಂದ್ರ, ಒಂದು ಕಪ್ಪು ಸಮುದ್ರ, ಅದರ ತುಂಬ ಮೃಗಗಳು. ನಿನ್ನ ತಲೆ ಚುರುಕಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಕೈ ತಲೆಗಿಂತ ಚುರುಕು, ತಾಪತ್ರಯ ಇರುವುದು ಅಲ್ಲಿ. ಒಂದು ಮೃಗ ಹುಟ್ಟಿ ಕಾಲೂರಿ ನಿಲ್ಲುವುದರೊಳಗೆ ಇನ್ನೊಂದನ್ನು ಹುಟ್ಟಿಸಿಬಿಡುತ್ತೀ. ಮೊದಲನೆಯದಕ್ಕೆ ನಾಲ್ಕು ಕೋಡು, ಎರಡನೆಯದಕ್ಕೆ ಆರು, ಮೂರನೆಯದಕ್ಕೆ ಕೋಡಿನ ತುದಿಗೆಲ್ಲ ಬೆಂಕಿ. ಎಲ್ಲವೂ ಗರ್ಜಿಸುತ್ತವೆ. ಗರ್ಜಿಸಿ ಏನು ಮಾಡುತ್ತವೆ ಅಂತ ಹಾಳೆ ತಿರುವಿದರೆ, ಇನ್ನೊಮ್ಮೆ ಗರ್ಜಿಸುತ್ತವೆ.

ಬನದ ಹುಣ್ಣಿಮೆಗೆ ನೀನೂ ಬನಶಂಕರಿ ಜಾತ್ರೆಗೆ ಹೋಗುತ್ತೀ. ಹೋದವನು ನೆಟ್ಟಗೆ ನಾಟಕ ಕಂಪನಿಯ ಟೆಂಟಿಗೆ ನುಗ್ಗುತ್ತೀ. ಈ ಸಲ ಒಂದು ಮುಂಜಾನೆ ದನ ಕಟ್ಟುವ ಕಡೆ ಹೋಗಿ ಸುಮ್ಮನೆ ನಿಲ್ಲು. ಎತ್ತು ಕೊಳ್ಳಲು ಬಂದವನು ಏನು ಮಾಡುತ್ತಾನೆ ನೋಡು. ಮೊದಲು ದೂರ ನಿಂತು ನಡಿಗೆ ನೋಡುತ್ತಾನೆ. ಆಮೇಲೆ ಬಾಯಿ ತೆರೆಸುತ್ತಾನೆ: ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ. ಮೈಮೇಲೆ ಸುಳಿ ಎಲ್ಲೆಲ್ಲಿವೆ, ಗೊರಸು ಗಟ್ಟಿ ಇದೆಯೇ, ಹಾಯುತ್ತದೆಯೇ, ಒದೆಯುತ್ತದೆಯೇ, ಕೆಸರಲ್ಲಿ ಮಲಗಿಬಿಡುವ ಚಾಳಿ ಇದೆಯೇ. ಇದೆಲ್ಲ ಆದ ಮೇಲೆ ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ರೇಟು. ಕೋಡು ಚೆಂದ ಇದ್ದರೆ ಒಂದಿಷ್ಟು ಹೆಚ್ಚು ಕೊಟ್ಟಾನು, ಆದರೆ ಬರೀ ಕೋಡು ನೋಡಿ ಎತ್ತು ಹೊಡೆದುಕೊಂಡು ಹೋದವನನ್ನು ನಾನು ಕಂಡಿಲ್ಲ.

ನಿನ್ನ ಆರು ಕೋಡಿನವನನ್ನು ಅಲ್ಲಿ ಗೂಟಕ್ಕೆ ಕಟ್ಟಿದ್ದೀ ಅಂದುಕೊ. ಹುನಗುಂದದ ಕಡೆಯ ರೈತ ಬಂದು ಸುತ್ತ ಒಂದು ಸುತ್ತು ಹಾಕುತ್ತಾನೆ. "ಏನ್ ತಿಂತದಪಾ ಇದು?" ಅಂತಾನೆ. "ಬರಗಾಲದಾಗ ಏನ್ ಹಾಕೋದು? ರಾತ್ರಿ ಮಲಗತದೋ ಇಲ್ಲೋ? ಮರಿ ಎಷ್ಟ್ ಹಾಕ್ತದ?" ನೀನು ತಲೆ ಕೆರೆಯುತ್ತೀ. ಅವನು ಮುಂದಿನ ಗೂಟಕ್ಕೆ ಹೋಗಿಬಿಡುತ್ತಾನೆ. ಓದುವವನೂ ಹಾಗೆಯೇ ಹೋಗಿಬಿಡುತ್ತಾನೆ ತಮ್ಮಾ, ಅವನು ಬೈದೂ ಹೋಗುವುದಿಲ್ಲ.

ನಿನಗೆ ಇಂಗ್ಲಿಷ್ ಸಿನಿಮಾದ ಮೃಗಗಳು ಬಾಯಿಪಾಠ. ಬಾಗಲಕೋಟೆ ಜಿಲ್ಲೆಯಲ್ಲಿ ಹುಟ್ಟಿ, ಬಾದಾಮಿಯ ಬಂಡೆಗಳನ್ನು ಶಾಲೆಯ ಟ್ರಿಪ್ಪಿನಲ್ಲಿ ಒಮ್ಮೆ ನೋಡಿ, "ಮುಗೀತು" ಅಂದುಕೊಂಡಿದ್ದೀ. ಇಲ್ಲದ ಮೃಗಗಳನ್ನು ಇದ್ದ ಹಾಗೆ ಮಾಡುವ ವಿದ್ಯೆ ಆರನೆಯ ಶತಮಾನದಿಂದಲೂ ನಮ್ಮ ಮನೆ ಬಾಗಿಲಲ್ಲಿ ಬಿದ್ದಿದೆ. ಅದನ್ನು ಮಾಡಿದವರು ಹೇಗೆ ಮಾಡಿದರು ಅನ್ನುವುದಕ್ಕೆ ನನ್ನದೊಂದು ಲೆಕ್ಕಾಚಾರ ಇದೆ. ಯಾವ ಪುಸ್ತಕದ್ದೂ ಅಲ್ಲ, ದನ ಕುರಿ ಸಾಕಿದವನ ಲೆಕ್ಕ. ಪ್ರಾಣಿ ದಿನಾ ಏನು ಮಾಡುತ್ತದೋ, ಆ ಸಣ್ಣ ಚಾಳಿಯನ್ನೇ ಹಿಡಿದು ಅವರು ಆಕಾಶದಷ್ಟು ದೊಡ್ಡದು ಮಾಡಿದರು. ರೆಕ್ಕೆ ಕೋಡು ಎಲ್ಲ ಆಮೇಲಿನ ಮಾತು.

ವರಾಹನನ್ನೇ ತಗೋ. ಬಾದಾಮಿಯ ಎರಡನೆಯ ಗುಹೆಯಲ್ಲೂ ಇದ್ದಾನೆ, ಮೂರನೆಯದರಲ್ಲೂ ಇದ್ದಾನೆ. ಮೂರನೆಯದು ಮಂಗಳೇಶ ಮಾಡಿಸಿದ್ದು. ಅದರ ಶಾಸನಕ್ಕೆ ಶಕ 500, ಅಂದರೆ ಕ್ರಿ.ಶ. 578ರ ತೇದಿ ಇದೆ. ಮನುಷ್ಯನ ಮೈ, ಹಂದಿಯ ಮೋರೆ, ಮೇಲಕ್ಕೆತ್ತಿದ ಭೂದೇವಿ. ಈಗ ಹೇಳು, ಭೂಮಿಯನ್ನು ಎತ್ತಿ ತರಲು ಆನೆ ಇತ್ತು, ಸಿಂಹ ಇತ್ತು, ಹಂದಿಯೇ ಯಾಕೆ? ಶೇಂಗಾ ಹೊಲಕ್ಕೆ ಕಾಡುಹಂದಿ ನುಗ್ಗಿದ ರಾತ್ರಿಯ ಮಾರನೆಯ ದಿನ ಹೋಗಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂತಿ ನೆಲದೊಳಗೆ ತೂರಿಸಿ, ಹೆಂಟೆ ಹೆಂಟೆಯಾಗಿ ಮಣ್ಣನ್ನು ಮೇಲಕ್ಕೆ ಎತ್ತಿ ಒಗೆದಿರುತ್ತದೆ. ಹುಟ್ಟಿದಾಗಿನಿಂದ ಅದು ಮಾಡುವುದೇ ಅಷ್ಟು: ನೆಲ ಎತ್ತುವುದು. ಪುರಾಣ ಕಟ್ಟಿದವರು ಅದೇ ಕೆಲಸವನ್ನು ಕೊಟ್ಟರು, ಹೆಂಟೆಯ ಬದಲು ಭೂಮಂಡಲ ಇಟ್ಟರು, ಅಷ್ಟೇ. ಚಾಲುಕ್ಯರಂಥ ಚಕ್ರವರ್ತಿಗಳು ತಮ್ಮ ಲಾಂಛನಕ್ಕೆ ಈ ಕೆಸರಿನ ಪ್ರಾಣಿಯನ್ನೇ ಆರಿಸಿಕೊಂಡರು. ಮುಂದೆ ಅದರ ಹೆಸರಿನ ಚಿನ್ನದ ನಾಣ್ಯವೂ ನಡೆಯಿತು. ನಿನ್ನ ವಹಿಯಲ್ಲಿ ಒಂದಾದರೂ ಹಂದಿ ಇದೆಯೇ? ಇಲ್ಲ. ಎಲ್ಲ ಸಿಂಹಗಳೇ. ಅವೂ ಸ್ನಾನ ಮಾಡಿ ಬಂದ ಸಿಂಹಗಳು.

ಅದೇ ಮೂರನೆಯ ಗುಹೆಯಲ್ಲಿ ಶೇಷನ ಮೇಲೆ ಕುಳಿತ ವಿಷ್ಣು ಇದ್ದಾನೆ. ಮಲಗಿಲ್ಲ, ಕುಳಿತಿದ್ದಾನೆ. ಹಾವು ಸುರುಳಿ ಸುತ್ತಿ ಕುರ್ಚಿಯಾಗಿದೆ, ಹೆಡೆ ಎತ್ತಿ ಕೊಡೆಯಾಗಿದೆ. ಹಾವು ಸುಮ್ಮನಿದ್ದಾಗ ಸುರುಳಿ ಸುತ್ತುತ್ತದೆ, ಎಚ್ಚರಾದಾಗ ಹೆಡೆ ಎತ್ತುತ್ತದೆ. ಇಲ್ಲಿ ಮಾಡುತ್ತಿರುವುದೂ ಅವೆರಡೇ. ಹೊಸದಾಗಿ ಏನನ್ನೂ ಕಲಿಸಿಲ್ಲ.

ಇನ್ನು ಬಾದಾಮಿಯ ಹಳೆಯ ಹೆಸರಿನವನೇ ಒಬ್ಬನಿದ್ದಾನಲ್ಲ, ವಾತಾಪಿ. ನೀನು ಹೇಳುವಂಥ ರೂಪ ಬದಲಿಸುವ ಮೃಗ. ಅವನ ಮೇಲೆ ಸ್ವಲ್ಪ ಹೊತ್ತು ಕೂರೋಣ, ಯಾಕೆಂದರೆ ನಿನಗೆ ಬೇಕಾದ್ದೆಲ್ಲ ಅವನೊಬ್ಬನಲ್ಲೇ ಇದೆ.

ಇಲ್ವಲ, ವಾತಾಪಿ ಅಣ್ಣತಮ್ಮಂದಿರು. ಮನೆಗೆ ಬ್ರಾಹ್ಮಣರನ್ನು ಊಟಕ್ಕೆ ಕರೆಯುವುದು, ತಮ್ಮ ಟಗರಾಗುವುದು, ಅಣ್ಣ ಕೊಯ್ದು ಅಡಿಗೆ ಮಾಡಿ ಬಡಿಸುವುದು, ಉಂಡಾದ ಮೇಲೆ "ವಾತಾಪಿ, ಹೊರಗೆ ಬಾ" ಅಂತ ಕರೆಯುವುದು. ತಮ್ಮ ಉಂಡವರ ಹೊಟ್ಟೆ ಒಡೆದುಕೊಂಡು ಎದ್ದು ಬರುತ್ತಾನೆ. ಅಗಸ್ತ್ಯರು ಬಂದರು, ಉಂಡರು, ಹೊಟ್ಟೆ ಸವರಿಕೊಂಡು "ವಾತಾಪಿ ಜೀರ್ಣೋಭವ" ಅಂದರು. ಅಣ್ಣ ಎಷ್ಟು ಕರೆದರೂ ತಮ್ಮ ಬರಲಿಲ್ಲ. ಕೂಸಿಗೆ ಹಾಲು ಕುಡಿಸಿ ಹೊಟ್ಟೆ ನೀವುವ ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಆ ಮಾತು ಇವತ್ತಿಗೂ ಇದೆ. ಗುಹೆಗಳ ಕೆಳಗಿನ ಕೆರೆಗೆ ಅಗಸ್ತ್ಯ ತೀರ್ಥ ಅಂತಲೇ ಹೆಸರು.

ನೋಡು, ಈ ಮೃಗಕ್ಕೆ ರೆಕ್ಕೆ ಇಲ್ಲ. ಬೆಂಕಿ ಉಗುಳುವುದಿಲ್ಲ. ಸಂತೆಯಲ್ಲಿ ಸಿಗುವಂಥ ಟಗರು. ಟಗರಿನ ಚಾಳಿ ಏನು? ಗುದ್ದುವುದು. ಕಣದಲ್ಲಿ ಟಗರಿನ ಕಾಳಗ ನೋಡಿದ್ದೀಯಲ್ಲ, ಹಿಂದೆ ಹಿಂದೆ ಸರಿದು ತಲೆ ಬಗ್ಗಿಸಿ ಬಂದು ಹೊಡೆಯುತ್ತದೆ. ಕಥೆಯ ಟಗರು ಅದೇ ಪೆಟ್ಟನ್ನು ಒಳಗಿನಿಂದ ಕೊಡುತ್ತದೆ. ಇದು ಒಂದು. ಎರಡನೆಯದು, ಅದರ ಶಕ್ತಿಗೆ ಒಂದು ಕಟ್ಟಳೆ ಇದೆ: ಅಣ್ಣ ಕರೆದರೆ ಮಾತ್ರ ಎದ್ದು ಬರಬೇಕು. ಕಟ್ಟಳೆ ಇದ್ದ ಕಡೆ ಒಂದು ಸಂದಿಯೂ ಇರುತ್ತದೆ. ಅರಗಿದ ಮೇಲೆ ಕರೆದರೆ ಏನು ಮಾಡುವುದು? ಅಗಸ್ತ್ಯರು ಕತ್ತಿ ಹಿಡಿಯಲಿಲ್ಲ, ಮಂತ್ರದ ಬಾಣ ಬಿಡಲಿಲ್ಲ, ಊಟ ಮಾಡಿ ಅರಗಿಸಿಕೊಂಡರು. ನಿನ್ನ ವೀರ ಮೂವತ್ತು ಪುಟ ಕತ್ತಿ ಬೀಸುತ್ತಾನೆ, ಪಾಪ, ಕೈ ಸೋತಿರಬೇಕು.

ಮೂರನೆಯದು ನನಗೆ ಎಲ್ಲಕ್ಕಿಂತ ಹೆಚ್ಚಿನದು. ಪ್ರತಿ ಸಲ ಕೊಯ್ಯಿಸಿಕೊಳ್ಳಲು ತಮ್ಮ ಅಣ್ಣನ ಮುಂದೆ ಕುತ್ತಿಗೆ ಚಾಚುತ್ತಾನಲ್ಲ, ಎಂಥ ನಂಬಿಕೆ ಅದು! ಕೇಡಿಗಳೇ ಇರಲಿ, ಅವರ ಮನೆಯಲ್ಲೂ ಅಣ್ಣತಮ್ಮಂದಿರ ಪ್ರೀತಿ ಇದೆ. ಕೊನೆಯ ಸಲ ಇಲ್ವಲ ಕರೆದು ಕರೆದು ಉತ್ತರ ಬರದೆ ನಿಂತದ್ದನ್ನು ನೆನೆದರೆ ರಾಕ್ಷಸನ ಮೇಲೂ ಒಂದು ಕ್ಷಣ ಅಯ್ಯೋ ಅನಿಸುತ್ತದೆ. ನಿನ್ನ ಮೃಗಗಳಿಗೆ ಅಣ್ಣ ಇಲ್ಲ, ತಾಯಿ ಇಲ್ಲ, ಸತ್ತರೆ ಅಳುವವರಿಲ್ಲ. ಹಾಗಾಗಿ ಅವು ಸತ್ತಾಗ ಓದುವವನಿಗೂ ಏನೂ ಆಗುವುದಿಲ್ಲ.

ಬೆರಕೆ ಮೃಗ ಬೇಕು ಅನ್ನುತ್ತೀಯಾ? ಬೇಡ ಅನ್ನುವುದಿಲ್ಲ. ಒಂದನೆಯ ಗುಹೆಗೆ ಹೋದವರೆಲ್ಲ 18 ಕೈಯ ನಟರಾಜನ ಮುಂದೆ ಫೋಟೋ ಹೊಡೆಸಿಕೊಂಡು ಮೇಲೆ ಹತ್ತಿಬಿಡುತ್ತಾರೆ. ಹೊರಗೆ ಎಡಗಡೆ ತ್ರಿಶೂಲ ಹಿಡಿದ ದ್ವಾರಪಾಲಕ ನಿಂತಿದ್ದಾನೆ, ಅವನ ಕೆಳಗೆ ಬಗ್ಗಿ ನೋಡು. ಎರಡು ಮೈ, ಒಂದೇ ತಲೆ. ಒಂದು ಮೈಯನ್ನು ಅಂಗೈಯಿಂದ ಮರೆಮಾಡಿದರೆ ಆನೆ; ಇನ್ನೊಂದನ್ನು ಮರೆಮಾಡಿದರೆ ಬಸವ. ಆನೆ ಗೊತ್ತಿಲ್ಲದವನಿಂದಾಗಲಿ, ಎತ್ತು ಗೊತ್ತಿಲ್ಲದವನಿಂದಾಗಲಿ ಆ ಕೆಲಸ ಆಗುತ್ತಿರಲಿಲ್ಲ. ಎರಡೂ ತಲೆಗಳ ಗೆರೆ ಎಲ್ಲಿ ಒಂದರ ಮೇಲೊಂದು ಕೂರುತ್ತದೆ ಅನ್ನುವುದು ಕಣ್ಣಳತೆಗೆ ಸಿಕ್ಕಿರಬೇಕು. ನೀನು ಏನು ಮಾಡಿದ್ದೀ? ಹುಲಿಯ ಮೈಗೆ ಹದ್ದಿನ ರೆಕ್ಕೆ ಅಂಟಿಸಿದ್ದೀ. ಅಂಟಿಸಿದ ಜಾಗ ನೋಡಿದೆಯಾ? ಹಾರಲು ಎದೆಯ ಸ್ನಾಯು ಬೇಕು, ಹುಲಿಗೆ ಆ ಎದೆ ಇಲ್ಲ. ಮೇಲಕ್ಕೆ ಏಳುವ ಮೊದಲು ಅದು ಏನು ಮಾಡುತ್ತದೆ, ಓಡುತ್ತದೆಯೋ, ಗುಡ್ಡದಿಂದ ಧುಮುಕುತ್ತದೆಯೋ? ಇದನ್ನು ಬರೆದಿದ್ದರೆ ನಾನು ರೆಕ್ಕೆ ಒಪ್ಪಿಕೊಳ್ಳುತ್ತಿದ್ದೆ.

ಮಕರವೂ ಬೆರಕೆಯೇ. ಆನೆಯ ಸೊಂಡಿಲು, ಮೊಸಳೆಯ ದವಡೆ, ಬಾಲ ಬರುಬರುತ್ತ ಬಳ್ಳಿಯಾಗಿ ಬಿಚ್ಚಿಕೊಳ್ಳುತ್ತದೆ. ಚಾಲುಕ್ಯರ ಗುಡಿಗಳ ಬಾಗಿಲಲ್ಲಿ ಗಂಗೆ ಮಕರದ ಮೇಲೆ ನಿಂತಿರುತ್ತಾಳೆ, ಯಮುನೆ ಆಮೆಯ ಮೇಲೆ. ನಮ್ಮ ಕೃಷ್ಣೆಯಲ್ಲಿ ಇವತ್ತಿಗೂ ಮೊಸಳೆ ಇವೆ. ಮೊಸಳೆ ನೀರಿಗೂ ನೆಲಕ್ಕೂ ನಡುವಿನ ದಡದಲ್ಲಿ ಬಿದ್ದಿರುತ್ತದೆ, ಒಳಗೆ ಹೋಗುವವನನ್ನೂ ಹೊರಗೆ ಬರುವವನನ್ನೂ ನೋಡುತ್ತ. ಅಂಥದ್ದನ್ನು ತಂದು ಬಾಗಿಲಿಗೆ ಇಟ್ಟದ್ದು ಎಷ್ಟು ಸರಿಯಾಗಿದೆ ನೋಡು. ಗೂರ್ಖಾನ ನೌಕರಿ. ಚೀನಾದವರ ಡ್ರ್ಯಾಗನ್ನಿಗೂ ಜಿಂಕೆಯ ಕೋಡು, ಮೀನಿನ ಪೊರೆ, ಹದ್ದಿನ ಉಗುರು ಅನ್ನುತ್ತಾರೆ. ಒಡಿಯಾದ ಸಾರಳಾ ದಾಸರ ಮಹಾಭಾರತದಲ್ಲಿ ನವಗುಂಜರ ಅಂತ ಒಂದು ಬರುತ್ತದೆ, ಒಂಬತ್ತು ಪ್ರಾಣಿಗಳದ್ದು, ಅದರ ಒಂದು ಕಾಲು ಮನುಷ್ಯನ ಕೈ. ಬಿಲ್ಲೆತ್ತಿದ ಅರ್ಜುನ ಆ ಕೈ ಕಂಡು ನಿಂತುಬಿಡುತ್ತಾನೆ. ಒಂಬತ್ತರಲ್ಲಿ ಎಂಟು ಬೆರಗಿಗೆ, ಒಂದು ಕಥೆಗೆ. ನಿನ್ನದರಲ್ಲಿ ಒಂಬತ್ತೂ ಬೆರಗಿಗೇ ಹೋಗಿವೆ.

ಹಸಿವೆಯ ಮಾತು ಬಂತಲ್ಲ ಮೊದಲು, ಅದಕ್ಕೆ ಕೀರ್ತಿಮುಖದ ಕಥೆ ಕೇಳು. ಗುಡಿಯ ಕಮಾನಿನ ನೆತ್ತಿಯ ಮೇಲೆ ಕಣ್ಣು ಬಿಟ್ಟುಕೊಂಡು, ದವಡೆ ತೆರೆದು, ಮೈಯೇ ಇಲ್ಲದೆ ಬರೀ ಮುಖ ಇರುತ್ತದಲ್ಲ, ಅದು. ಜಲಂಧರ ರಾಹುವನ್ನು ದೂತನಾಗಿ ಶಿವನ ಹತ್ತಿರ ಕಳಿಸಿದ, ಪಾರ್ವತಿಯನ್ನು ಕೊಡು ಅಂತ. ಶಿವನ ಸಿಟ್ಟಿನಿಂದ ಒಂದು ಪ್ರಾಣಿ ಹುಟ್ಟಿ ರಾಹುವನ್ನು ತಿನ್ನಲು ಹೋಯಿತು. ರಾಹು ಕಾಲಿಗೆ ಬಿದ್ದ, ಶಿವ ಬಿಟ್ಟುಬಿಡು ಅಂದ. ಈ ಪ್ರಾಣಿ ಕೇಳಿದ್ದು ಒಂದೇ ಪ್ರಶ್ನೆ: ಹಾಗಾದರೆ ನನ್ನ ಊಟ? ನಿನ್ನನ್ನೇ ನೀನು ತಿನ್ನು ಅಂದ ಶಿವ. ತಿಂದಿತು. ಕಾಲು, ಹೊಟ್ಟೆ, ಎದೆ, ಕೊನೆಗೆ ಮುಖ ಮಾತ್ರ ಉಳಿಯಿತು. ಮೆಚ್ಚಿದ ಶಿವ ಹೆಸರು ಕೊಟ್ಟು ಬಾಗಿಲ ಮೇಲೆ ಕೂರಿಸಿದ. ಹುಟ್ಟಿಸಿದವನನ್ನೇ ನಿಲ್ಲಿಸಿ ಊಟ ಕೇಳಿದ ಮೃಗ ಅದು. ಜಾತ್ರೆಯ ರೈತ ಕೇಳುವುದನ್ನು ಮೃಗವೇ ಬಾಯಿಬಿಟ್ಟು ಕೇಳಿತು. ನೀನು ಹುಟ್ಟಿಸಿದವುಗಳಲ್ಲಿ ಒಂದಾದರೂ ನಿನ್ನನ್ನು ಹಾಗೆ ಕೇಳಿದೆಯೇ?

ಯಾರು ಯಾರನ್ನು ತಿನ್ನುತ್ತಾರೆ ಅನ್ನುವ ಲೆಕ್ಕ ಬೇಲೂರಿನವರು ಇನ್ನೂ ಉದ್ದಕ್ಕೆ ಎಳೆದಿದ್ದಾರೆ. ಚೆನ್ನಕೇಶವ ಗುಡಿಯ ಒಂದು ಕೆತ್ತನೆಯಲ್ಲಿ ಜಿಂಕೆಯನ್ನು ಹಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿವೆ. ಪಕ್ಕದಲ್ಲಿ ಒಬ್ಬ ಋಷಿ ಬೆರಗಾಗಿ ನೋಡುತ್ತ ನಿಂತಿದ್ದಾನೆ. ನಿಜದ ಪ್ರಾಣಿಗಳಿಂದ ಶುರುವಾಗಿ, ಎಲ್ಲಿ ನಿಜ ಮುಗಿದು ಕಲ್ಪನೆ ಶುರುವಾಯಿತು ಅಂತ ಗೊತ್ತಾಗದ ಹಾಗೆ ಮೇಲಕ್ಕೆ ಹತ್ತಿಸುತ್ತಾರೆ. ಅದೇ ಗಂಡಭೇರುಂಡ ಬಳ್ಳಿಗಾವೆಯಲ್ಲಿ 1047ರ ಕಂಬದ ಮೇಲೆ ನಿಂತಿದೆ, ಇವತ್ತು ನಮ್ಮ ಸರಕಾರದ ಮೊಹರಿನಲ್ಲೂ ಇದೆ. ನಿನ್ನ ಪಹಣಿ ಪತ್ರಿಕೆ ತೆಗೆದು ನೋಡು, ಒಂದು ಮೃಗ ಮನೆಯ ಟ್ರಂಕಿನಲ್ಲೇ ಇದೆ.

ಬಣ್ಣನೆ ಕಡಿಮೆ ಮಾಡು. ಇದನ್ನು ಎಷ್ಟು ಸಲ ಹೇಳಿದರೂ ನೀನು ಕೇಳುವುದಿಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ. ಬಾದಾಮಿಯ ಕೆರೆಯ ಆಚೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 700ರ ಹೊತ್ತಿನದು. ಕನ್ನಡದ ಮೊಟ್ಟಮೊದಲ ತ್ರಿಪದಿಗಳು ಸಿಗುವುದು ಅಲ್ಲೇ. ಅದರಲ್ಲಿ ಒಂದು ಸಿಂಹ ಬರುತ್ತದೆ. ಕೇಸರ ಎಷ್ಟುದ್ದ, ಕಣ್ಣು ಯಾವ ಬಣ್ಣ, ಒಂದೂ ಇಲ್ಲ. ಕಟ್ಟಿದ ಸಿಂಹವನ್ನು, ನಮಗೇನು ಕೆಟ್ಟೀತು ಅಂದುಕೊಂಡು ಯಾರೋ ಬಿಚ್ಚಿಬಿಟ್ಟರು, ಇಷ್ಟೇ ಸುದ್ದಿ. ಮುಂದಿನದು ನಿನ್ನ ಎದೆಯಲ್ಲೇ ನಡೆದುಹೋಗುತ್ತದೆ. ನೀನಾಗಿದ್ದರೆ ಹಲ್ಲಿಗೇ ಒಂದು ಪುಟ ಕೊಡುತ್ತಿದ್ದೆ.

ಇಳಕಲ್ಲಿನ ನಿನ್ನ ದೊಡ್ಡಮ್ಮನ ಹತ್ತಿರ ಹಳೆಯ ಕಸೂತಿ ಸೀರೆ ಇದ್ದರೆ ಕೇಳಿ ನೋಡು. ತೋಪು ತೆನೆ ಸೆರಗಿನ ಪಕ್ಕ ಅಂಬಾರಿ ಆನೆ, ನವಿಲು, ಗಿಳಿ, ಜಿಂಕೆ ಇರುತ್ತವೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಂಡು ಹೊಲಿಯುವುದಿಲ್ಲ, ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟದ್ದನ್ನು ತುಂಬುತ್ತ ಬರುತ್ತಾರೆ. ಗಂಟು ಹಾಕುವುದಿಲ್ಲ. ಸೀರೆ ತಿರುವಿದರೆ ಹಿಂದೆಯೂ ಅದೇ ಆನೆ. ಸೊಂಡಿಲು ಒಂದಿಷ್ಟು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಆದರೂ ಮೂರು ವರ್ಷದ ಕೂಸು ನೋಡಿ "ಆನಿ" ಅನ್ನುತ್ತದೆ. ಏನು ಬಿಟ್ಟರೂ ಆನೆ ಉಳಿಯುತ್ತದೆ ಅನ್ನುವುದು ಆ ಹೆಣ್ಣುಮಕ್ಕಳ ಬೆರಳಿಗೆ ಗೊತ್ತಿದೆ. ನೀನು ಫೋನಿಗೆ ನಾಲ್ಕು ಮಾತು ಹೇಳಿದರೆ ಕ್ಷಣದಲ್ಲಿ ಮೃಗದ ಚಿತ್ರ ಬರೆದುಕೊಡುತ್ತದೆ, ಹೌದು, ಚೆಂದವೂ ಇರುತ್ತದೆ. ಅದನ್ನು ತಿರುವಿ ಹಿಂದೆ ಏನಿದೆ ಅಂತ ನನಗೆ ತೋರಿಸು.

"ನೋಡದೆಯೇ ಬರೆದವರು ಇಲ್ಲವೇನು?" ಅಂತ ನೀನು ವಾದಕ್ಕೆ ಬರುತ್ತೀ, ನಿನ್ನನ್ನು ಬಲ್ಲೆ. ಇದ್ದಾರೆ. 1515ರಲ್ಲಿ ಗುಜರಾತಿನ ಸುಲ್ತಾನ ಕೊಟ್ಟ ಘೇಂಡಾಮೃಗವೊಂದು ಹಡಗಿನಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ಮುಟ್ಟಿತು. ಜರ್ಮನಿಯ ಡ್ಯೂರರ್ ಎಂಬ ಚಿತ್ರಗಾರ ಅದನ್ನು ಕಣ್ಣಾರೆ ಕಾಣಲಿಲ್ಲ. ಬಂದ ವಿವರವನ್ನೂ ಒಂದು ರೇಖಾಚಿತ್ರವನ್ನೂ ನೋಡಿ ಮರದಚ್ಚಿನ ಚಿತ್ರ ಮಾಡಿದ. ಚರ್ಮದ ಮಡಿಕೆಗಳನ್ನು ಕಬ್ಬಿಣದ ಕವಚ ಮಾಡಿದ, ಬೆನ್ನ ಮೇಲೆ ಇಲ್ಲದ ಒಂದು ಪುಟ್ಟ ಕೋಡು ಇಟ್ಟ. ಯುರೋಪಿನವರು ಶತಮಾನಗಳವರೆಗೆ ಅದನ್ನೇ ನಿಜವೆಂದು ನಂಬಿದರು. ಯಾಕೆ ನಂಬಿದರು? ಕಾಲಿನ ಗೊರಸು, ಕಿವಿ, ಮೂತಿ, ಮಡಿಕೆ, ಎಲ್ಲ ಅಷ್ಟು ಶ್ರದ್ಧೆಯಿಂದ ಇದ್ದವು. ಸುಳ್ಳು ಕೋಡು ಅವುಗಳ ನಡುವೆ ನುಸುಳಿ ಕೂತಿತು. ಮತ್ತೆ ಲೆಕ್ಕ ಹಾಕು: ಹೆಚ್ಚಿಗೆ ಇಟ್ಟದ್ದು ಒಂದೇ ಕೋಡು. ನೀನು ಆರು ಇಡುತ್ತೀ.

ಆದ್ದರಿಂದ ಈ ಬೇಸಿಗೆಗೆ ಮುಂಚೆ ನಾನು ಹೇಳುವ ಕಡೆ ತಿರುಗಾಡಿ ಬಾ. ಮೊದಲು ಯಡಹಳ್ಳಿ. ಬೀಳಗಿ, ಮುಧೋಳ ತಾಲ್ಲೂಕುಗಳ ಕುರುಚಲು ಕಾಡು, 2016ರಲ್ಲಿ ಚಿಂಕಾರ ವನ್ಯಧಾಮ ಆಯಿತು, ಸುಮಾರು 96 ಚದರ ಕಿಲೋಮೀಟರ್. ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗು. ಚಿಂಕಾರ ಸಣ್ಣ ಹುಲ್ಲೆ, ನಿನ್ನ ಸೊಂಟದ ಮಟ್ಟಕ್ಕೂ ಬರುವುದಿಲ್ಲ. ನೀರಿಲ್ಲದೆ ಬಹಳ ದಿನ ತಡೆಯುತ್ತದೆ. ಎಲೆಯಲ್ಲಿನ ಪಸೆ, ಇಬ್ಬನಿ, ಅದರಲ್ಲೇ ನಡೆಸುತ್ತದೆ. ಅಪಾಯ ಕಂಡರೆ ಮುಂಗಾಲು ನೆಲಕ್ಕೆ ಬಡಿದು ಮೂಗಿನಿಂದ ಸೀನಿದಂಥ ಸದ್ದು ಮಾಡುತ್ತದೆ. ನಿನ್ನ ಕಪ್ಪು ಸಮುದ್ರದ ಆಚೆ ಒಂದು ಮರುಭೂಮಿ ಇದೆಯಲ್ಲ, ಅಲ್ಲಿ ದೊಡ್ಡ ದೊಡ್ಡವು ಅಡ್ಡಾಡುತ್ತವೆ, ಒಂದಕ್ಕೂ ಬಾಯಾರುವುದಿಲ್ಲ. ಈ ಸಣ್ಣದನ್ನು ದೂರದಿಂದ ಒಂದು ಹೊತ್ತು ನೋಡಿದರೆ ಆ ಮರುಭೂಮಿಯ ಅರ್ಧ ಪುಟಗಳನ್ನು ನೀನೇ ಹೊಡೆದುಹಾಕುತ್ತೀ. ಕಂಡರೆ ಕಂಡಿತು, ಕಾಣದಿದ್ದರೆ ಹಿಕ್ಕೆ ನೋಡಿ ಬಾ, ಅದೂ ಪಾಠವೇ.

ಆಮೇಲೆ ಬಾದಾಮಿ, ಪಟ್ಟದಕಲ್ಲು, ಐಹೊಳೆ. ಒಂದೇ ದಿನದಲ್ಲಿ ಮೂರನ್ನೂ ಮುಗಿಸುವ ಹುರುಪು ಬೇಡ. ಪಟ್ಟದಕಲ್ಲಿನ ಕಂಬಗಳಲ್ಲಿ ಪಂಚತಂತ್ರದ ಪ್ರಾಣಿಗಳಿವೆ, ಹುಡುಕಲು ಸಮಯ ಬೇಕು. ಐಹೊಳೆಯ ದುರ್ಗದ ಗುಡಿಯ ಸುತ್ತು ಹಾಕುವಾಗ ಮಹಿಷಮರ್ದಿನಿಯ ಹತ್ತಿರ ನಿಲ್ಲು. ಅಲ್ಲಿನ ಮಹಿಷ ಕೋಡಿನ ಕಿರೀಟ ಇಟ್ಟ ರಾಕ್ಷಸನಲ್ಲ, ಪೂರ್ತಿ ಕೋಣ. ಎಮ್ಮೆ ಕಟ್ಟಿದ ಮನೆಯವರಿಗೆ ಆ ಕುತ್ತಿಗೆ ಕೂಡಲೇ ಗುರುತು ಹತ್ತುತ್ತದೆ.

ವಹಿ ಮತ್ತು ಪೆನ್ಸಿಲ್ ಒಯ್ಯಿ, ಫೋನು ಕಿಸೆಯಲ್ಲಿರಲಿ. ಬಾದಾಮಿಯ ಮೆಟ್ಟಿಲ ಮೇಲೆ ಮಂಗಗಳಿವೆ, ಬಾಳೆಹಣ್ಣು, ಕುರುಕುಲು ಪಾಕೀಟು ಕೈಯಲ್ಲಿ ಹಿಡಿದು ಹೋಗಬೇಡ. ಚೀಲದ ಬಾಯಿ ಕಟ್ಟು. ಒಂದು ಮುದಿ ಮಂಗ ನಿನ್ನನ್ನು ಮೇಲಿಂದ ಕೆಳಗೆ ನೋಡಿ, ಇವನ ಹತ್ತಿರ ಏನಿದೆ, ಯಾವ ಕಿಸೆಯಲ್ಲಿದೆ ಅಂತ ತೂಕ ಹಾಕುತ್ತದೆ. ಅದರ ಕಣ್ಣು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಬರೆದುಕೊ. ವಹಿ ಕಸಿದುಕೊಂಡರೆ ಹಿಂದೆ ಓಡಬೇಡ. ತಿನ್ನುವಂಥದ್ದಲ್ಲ ಅಂತ ಗೊತ್ತಾದರೆ ಅದೇ ಬಿಟ್ಟುಹೋಗುತ್ತದೆ.